ಎಣ್ಣೆ ಗಾಣದ ಯಜಮಾನರ ಮೌನವ್ರತ

ನಾನು ಇನ್ನೊಬ್ಬರ ಮನೆಯ ವಿಷಯಕ್ಕೆ ತಲೆ ಹಾಕುವವನಲ್ಲ. ಅದು ನನ್ನ ಸ್ವಭಾವವೇ ಅಲ್ಲ. ಆದರೆ ಗುನ್ಸಾನ್ ಊರಿನ ಹಳೇ ಸಂತೆಬೀದಿಯಲ್ಲಿ ನನ್ನ ಇಸ್ತ್ರಿ ಅಂಗಡಿ ಇರುವುದು ಮಾ ದೊಕ್‌ಪಾಲ್ ಅವರ ಎಳ್ಳೆಣ್ಣೆ ಗಾಣದ ಎದುರಿಗೇ. ಇಸ್ತ್ರಿ ಮಾಡುವವನು ಬೀದಿಯ ಕಡೆ ಮುಖ ಮಾಡಿಯೇ ನಿಲ್ಲಬೇಕು, ಬೆಳಕು ಬರುವುದು ಅಲ್ಲಿಂದ. ಕಣ್ಣು ಮುಚ್ಚಿಕೊಂಡರೆ ಗಿರಾಕಿಯ ಪ್ಯಾಂಟು ಸುಡುತ್ತದೆ. ಆದ್ದರಿಂದ ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ, ಅಷ್ಟೇ.

ದೊಕ್‌ಪಾಲ್ ಬಾಯಿ ಎಂದರೆ ಬಾಯಿ. ಬೆಳಿಗ್ಗೆ ಗಾಣದ ಮೋಟಾರು ಶುರುವಾದರೆ ಅದೂ ಶುರು. ಮೋಟಾರನ್ನಾದರೂ ಊಟದ ಹೊತ್ತಿಗೆ ನಿಲ್ಲಿಸುತ್ತಿದ್ದರು. ಎಣ್ಣೆಗೆ ಬಂದ ಹೆಂಗಸರ ಮಗನ ಪರೀಕ್ಷೆ, ಅತ್ತೆಯ ಮಂಡಿನೋವು, ಕಿಮ್ಚಿ ಉಪ್ಪಿನಕಾಯಿಗೆ ಈ ಸಲ ಉಪ್ಪು ಎಷ್ಟು, ಎಲ್ಲವನ್ನೂ ಮೋಟಾರಿನ ಸದ್ದಿನ ಮೇಲೆ ಕೂಗಿ ಕೂಗಿ ಕೇಳುತ್ತಿದ್ದರು. ಬೀದಿಯ ಆ ತುದಿಯಲ್ಲಿದ್ದವರಿಗೂ ಇನ್ನೊಬ್ಬರ ಅತ್ತೆಯ ಮಂಡಿಯ ಸಮಾಚಾರ ತಿಳಿಯುತ್ತಿತ್ತು.

ಇಂಥ ಮನುಷ್ಯನ ಕೈಗೆ ಮೈಕು ಕೊಟ್ಟರೆ ಏನಾಗುತ್ತದೆ ಎಂಬುದನ್ನು ನಾವು ಹೋದ ವರ್ಷಾಂತ್ಯದ ಸಂತೆ ಸಂಘದ ಔತಣದಲ್ಲಿ ನೋಡಿದ್ದೆವು. "ಗಾಣದ ಅಣ್ಣ ಎರಡು ಮಾತಾಡ್ಬೇಕು" ಎಂದು ಅಧ್ಯಕ್ಷರು ಎಬ್ಬಿಸಿದರು. ದೊಕ್‌ಪಾಲ್ ಎದ್ದರು. ಜನರನ್ನು ನೋಡಿದರು. ಮುಖ ಹಿಂಡಿದ ಎಳ್ಳಿನ ಹಿಂಡಿಯ ಹಾಗಾಯಿತು. ಬಹಳ ಹೊತ್ತಿನ ಮೇಲೆ "ಎಳ್ಳು..." ಎಂದರು. ಆಮೇಲೆ ಕೂತುಬಿಟ್ಟರು. ಅಧ್ಯಕ್ಷರು ಹೇಳಿದ್ದು ಎರಡು ಮಾತು. ಇವರು ಆಡಿದ್ದು ಅದರಲ್ಲಿ ಅರ್ಧ.

ಅದಕ್ಕೇ ಜೆಗಿಲ್ ದೊಕ್‌ಪಾಲ್ ಮುಂದೆ ಬಂದು ಆ ಮಾತು ಕೇಳಿದಾಗ ನನ್ನ ಇಸ್ತ್ರಿ ಪೆಟ್ಟಿಗೆ ಒಬ್ಬ ವಕೀಲರ ಅಂಗಿಯ ಮೇಲೆ ಹಾಗೇ ನಿಂತುಹೋಯಿತು. (ಆ ಅಂಗಿಗೆ ಹೊಸ ಅಂಗಿ ಕೊಟ್ಟೆ. ಆ ಕಥೆ ಬೇಡ.) ತಾಕ್ ಜೆಗಿಲ್ ಗಾಣದ ವ್ಯಾನು ಓಡಿಸುವವನು. ತಂದೆ ತಾಯಿ ಇಲ್ಲ. ಗಾಣದ ಮೇಲಿನ ಕೋಣೆಯಲ್ಲೇ ಇದ್ದು, ದೊಕ್‌ಪಾಲ್ ಮನೆಯ ಅನ್ನ ತಿಂದುಕೊಂಡು ಗಂಡಸಾದವನು. ಅವನಿಗೂ ಬೋಕ್‌ಸಿಲ್ ಎಂಬ ಹುಡುಗಿಗೂ ಮದುವೆ ಗೊತ್ತಾಗಿತ್ತು.

"ಯಜಮಾನ್ರೇ, ನನ್ನ ಮದುವೆಗೆ ನೀವೇ ಮದುವೆ ಹಿರಿಯರಾಗಿ ನಿಲ್ಬೇಕು" ಎಂದ ಜೆಗಿಲ್.

"ನಾನಾ? ತಲೆ ಕೆಟ್ಟಿದ್ಯೇನೋ ನಿಂಗೆ?" ಎಂದು ಕಿರುಚಿದರು ದೊಕ್‌ಪಾಲ್. "ಅದಕ್ಕೆ ಹೆಡ್‌ಮಾಸ್ಟರ್ರು, ಪಟ್ಟಣ ಸಭೆಯವ್ರು ಅಂತ ದೊಡ್ಡ ಜನ ಇಲ್ವೇ?"

"ಅವ್ರು ಯಾರೂ ನನ್ನನ್ನ 'ಊಟ ಆಯ್ತಾ' ಅಂತ ಕೇಳ್ಲಿಲ್ಲ. ನಾನು ಈ ಸಂತೆಗೆ ಬಂದಾಗ ನನ್ನನ್ನ ಮಾತಾಡ್ಸಿದ್ದು ನೀವೊಬ್ರೇ. ಆವತ್ತು ಶುರು ಮಾಡಿದ್ದು, ಇವತ್ತಿಗೂ ನಿಲ್ಸಿಲ್ಲ."

ದೊಕ್‌ಪಾಲ್ ಮೂಗು ಒರೆಸಿಕೊಂಡು, ಎಳ್ಳು ಹುರಿಯುವ ಹೊಗೆ ಎಂದರು. ಒಲೆ ಆವತ್ತು ಹೊತ್ತಿಸಿಯೇ ಇರಲಿಲ್ಲ.

ಮದುವೆ ಹಿರಿಯ ಎಂದರೆ ಸುಮ್ಮನೆ ಅಲ್ಲ. ಮದುವೆ ಹಾಲಿನಲ್ಲಿ ಬಿಳಿ ಕೈಗವಸು ಹಾಕಿಕೊಂಡು ವೇದಿಕೆ ಹತ್ತಬೇಕು, ಗಂಡು ಹೆಣ್ಣಿನಿಂದ ಮಾತು ತೆಗೆದುಕೊಳ್ಳಬೇಕು, ಬುದ್ಧಿ ಹೇಳುವ ಭಾಷಣ ಮಾಡಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಅವನ ಸ್ವಂತ ಸಂಸಾರ ನೆಟ್ಟಗಿರಬೇಕು. ಹೆಂಡತಿಯ ಜೊತೆ ಜಗಳವಾಡಿಕೊಂಡವನು ನಿಂತರೆ ಆ ಜಗಳ ಹೊಸ ಜೋಡಿಗೂ ಅಂಟುತ್ತದೆ ಎಂದು ನಮ್ಮ ಹೆಂಗಸರು ಗಟ್ಟಿಯಾಗಿ ನಂಬಿದ್ದಾರೆ. ಹೆಣ್ಣಿನ ಕಡೆಯ ಯಜಮಾನಿಕೆ ನಡೆಸುತ್ತಿದ್ದ ದೊಡ್ಡಮ್ಮ ಅಂತೂ ಆ ನಂಬಿಕೆಯನ್ನು ಸೊಂಟಕ್ಕೆ ಕಟ್ಟಿಕೊಂಡೇ ಓಡಾಡುವವರು. ಹಬ್ಬ ಮದುವೆಗೆ ಉಡುವ ಹನ್‌ಬೋಕ್ ಉಡುಪು ಹೊಲಿಯುವ ದೊಡ್ಡ ಅಂಗಡಿ ಆಕೆಯದು. ನಿವೃತ್ತ ಹೆಡ್‌ಮಾಸ್ಟರ್ ಒಬ್ಬರನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದವರು, ಜೆಗಿಲ್ ಹಟ ಹಿಡಿದದ್ದಕ್ಕೆ ಗೊಣಗಿಕೊಂಡು ಒಪ್ಪಿದರು.

ಆವತ್ತು ರಾತ್ರಿ ಊಟದಲ್ಲಿ ಹೆಂಡತಿ ಓಕ್‌ಬುನ್ ಮೆಲ್ಲಗೆ ಹೇಳಿದರಂತೆ, "ರೀ, ಆ ಪ್ಯೋ ಮೇಷ್ಟ್ರ ಹತ್ರ ಹೋಗಿ ನಾಲ್ಕು ದಿನ ಭಾಷಣ ಕಲಿತು ಬನ್ನಿ."

"ಕಲೀಬೇಕಾ? ನಾನಾ? ಹುಟ್ಟಿದಾಗಿಂದ ಮಾತಾಡ್ತಾನೇ ಇದೀನಿ ಕಣೇ. ಮೀನಿಗೆ ಯಾರಾದ್ರೂ ಈಜು ಕಲಿಸ್ತಾರಾ?"

ಈ ಜಂಬದ ಮಾತೇ ಮುಂದಿನ ರಾಮಾಯಣಕ್ಕೆಲ್ಲ ಕಾರಣ. ಯಾಕೆಂದರೆ ಮರುದಿನವೇ ಅವರು "ಸ್ನಾನದ ಮನೆಗೆ ಹೋಗಿ ಬರ್ತೀನಿ" ಎಂದು ಟವೆಲು ಹೆಗಲಿಗೆ ಹಾಕಿಕೊಂಡು ಹೊರಟರು, ಬೀದಿ ತಿರುವಿನ ಸಾರ್ವಜನಿಕ ಸ್ನಾನದ ಮನೆಯನ್ನು ದಾಟಿದರು, ನೂಡಲ್ಸ್ ಅಂಗಡಿಯ ಮೇಲಿದ್ದ ಪ್ಯೋ ಮೇಷ್ಟ್ರ ಭಾಷಣ ಶಾಲೆಯ ಮೆಟ್ಟಿಲು ಹತ್ತಿದರು.

ಅಲ್ಲಿ ಏನು ನಡೆಯಿತೆಂದು ಪ್ಯೋ ಮೇಷ್ಟ್ರೇ ಆಮೇಲೆ ತಮ್ಮ ಕೋಟು ಇಸ್ತ್ರಿಗೆ ತಂದಾಗ ನನಗೆ ಹೇಳಿದರು. ಶಾಲೆಯ ತುಂಬ ಪ್ರಾಥಮಿಕ ಶಾಲೆಯ ಮಕ್ಕಳು. ಪ್ರತಿಯೊಂದೂ ಮುಷ್ಟಿ ಎತ್ತಿ "ಎಂದು ಈ ಭಾಷಣಕಾರ ಗಟ್ಟಿಯಾಗಿ ಸಾರುತ್ತಿದ್ದಾನೆ!" ಎಂದು ಚಾವಣಿ ಹಾರುವಂತೆ ಕೂಗುತ್ತಿದೆ. ನಮ್ಮ ಕಡೆ ಸ್ಪರ್ಧೆಯ ಭಾಷಣಗಳೆಲ್ಲ ಹಾಗೇ ಮುಗಿಯುವುದು. ಅವುಗಳ ನಡುವೆ, ಅವುಗಳ ಪುಟ್ಟ ಕುರ್ಚಿಯಲ್ಲಿ, ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಗಾಣದ ಯಜಮಾನರು.

"ಗಂಟಲಿಂದ ಕೂಗ್ಬೇಡಿ, ಹೊಟ್ಟೆಯಿಂದ ಉಸಿರು ತೊಗೊಳ್ಳಿ" ಎಂದರು ಮೇಷ್ಟ್ರು. "ಕೆಮ್ಮಿ ಗಂಟಲು ಸರಿ ಮಾಡ್ಕೋಬೇಡಿ, ಒಂದು ಗುಟುಕು ಬಿಸಿನೀರು ಕುಡೀರಿ. ಬೆಳಿಗ್ಗೆ ಎದ್ದ ತಕ್ಷಣ ಬಾಯಿ ಮುಚ್ಕೊಂಡು ಗುಂಯ್ ಅಂತ ರಾಗ ಎಳೀರಿ. ಕನ್ನಡಿ ಮುಂದೆ ತುಟಿ ಸಡಿಲ ಮಾಡ್ಕೊಳ್ಳಿ. ಸೋಜು ಗೀಜು ಅಂತ ಕುಡಿಯೋದು ಬೇಡ. ಖಾರದ ಕಿಮ್ಚಿ ಬೇಡ."

"ಕಿಮ್ಚಿ ಬೇಡ್ವಾ? ಮತ್ತೆ ಅನ್ನ ಹೆಂಗೆ ಇಳಿಯುತ್ತೆ ಮೇಷ್ಟ್ರೇ?"

"ಮರಸೇಬನ್ನ ಜೇನಲ್ಲಿ ಬೇಯಿಸ್ಕೊಂಡು ತಿನ್ನಿ. ಮತ್ತೆ ಜನಾನ ನೋಡಿದ್ರೆ ಭಯ ಆಗುತ್ತೆ ಅಂದ್ರಲ್ಲ, ಜನಾನ ನೋಡ್ಲೇಬೇಡಿ. ಒಂದೇ ಒಂದು ಮುಖ ಆರಿಸ್ಕೊಳ್ಳಿ. ಅವ್ರೊಬ್ರ ಜೊತೆ ಮಾತಾಡ್ತಿದೀನಿ ಅಂದ್ಕೊಳ್ಳಿ."

ದೊಕ್‌ಪಾಲ್ ಎಲ್ಲವನ್ನೂ ಶ್ರದ್ಧೆಯಿಂದ ಮಾಡಿದರು. ಮನೆಯಲ್ಲಿ ಅಭ್ಯಾಸ ಮಾಡಿದರೆ ಹೆಂಡತಿಗೆ ಗೊತ್ತಾಗುತ್ತದೆಂದು ಗಾಣದ ಮೋಟಾರು ಹಾಕಿಕೊಂಡು, ಅದರ ಸದ್ದಿನ ಮರೆಯಲ್ಲಿ ಭಾಷಣ ಕೂಗಿದರು. ಹೊಟ್ಟೆಯಿಂದ ಕೂಗಬೇಕೆಂಬುದು ಮರೆತುಹೋಯಿತು. ಮದುವೆಯ ವಾರ ಬಂದಾಗ ಗಂಟಲು ಕಟ್ಟಿ ಬಾತುಕೋಳಿಯ ಸದ್ದು ಹೊರಡತೊಡಗಿತು.

ಪ್ಯೋ ಮೇಷ್ಟ್ರು ಬಾಯೊಳಗೆ ಟಾರ್ಚು ಬಿಟ್ಟು ನೋಡಿದರು. "ಹಾಳು ಮಾಡ್ಕೊಂಡ್ರಿ! ಇನ್ನು ಮದುವೆ ವೇದಿಕೆ ಹತ್ತೋವರೆಗೂ ಒಂದು ಮಾತೂ ಆಡಕೂಡ್ದು. ಪಿಸುಮಾತು ಅಂತೂ ಆಡ್ಲೇಬೇಡಿ, ಅದು ಇನ್ನೂ ಕೆಟ್ಟದ್ದು. ಬಾಯಿ ಬಿಟ್ರೋ, ವೇದಿಕೆ ಮೇಲೆ ಬಾತುಕೋಳಿ ಕೂಗುತ್ತೆ."

ಒಂದು ಚೀಟಿ ಬರೆದು ಹೆಂಡತಿಗೆ ತೋರಿಸಬಾರದಿತ್ತೇ ಎಂದು ನೀವು ಕೇಳಬಹುದು. ನಾನೂ ಆಮೇಲೆ ಕೇಳಿದೆ. ಚೀಟಿಯಲ್ಲಿ ಏನೆಂದು ಬರೆಯುವುದು? ಮೀನು ಈಜು ಕಲಿಯಲು ಹೋಗಿತ್ತು ಎಂದೇ? ಗಂಡಸರ ಮರ್ಯಾದೆ ಎಂಬುದು ಒಂದಿದೆ. ಅದರಿಂದ ಯಾರಿಗೂ ಒಳ್ಳೆಯದಾದದ್ದನ್ನು ನಾನು ಕಂಡಿಲ್ಲ.

ಮರುದಿನ ಬೆಳಿಗ್ಗೆ ಓಕ್‌ಬುನ್ ಮೂಲಂಗಿ ಸಾರು ಬಡಿಸಿ, "ಉಪ್ಪು ಜಾಸ್ತಿ ಆಯ್ತಾ?" ಎಂದರು. ಉತ್ತರವಿಲ್ಲ. "ಕೊಳಾಯಿ ತೊಟ್ಟಿಕ್ತಾ ಇದೆ, ನೋಡ್ತೀರಾ?" ಉತ್ತರವಿಲ್ಲ. ಆಮೇಲೆ ಒಳಗೆ ಹೋಗಿ ಮದುವೆಗೆಂದು ಹೊಲಿಸಿದ್ದ ಆಕಾಶನೀಲಿ ಹನ್‌ಬೋಕ್ ಉಟ್ಟು ಬಂದು ಬಾಗಿಲಲ್ಲಿ ನಿಂತರು. "ಹೆಂಗಿದೆ? ನಂಗೆ ಒಪ್ಪುತ್ತಾ?"

ದೊಕ್‌ಪಾಲ್ ಗಂಟಲು ಕಟ್ಟಿದೆ ಎಂದು ತೋರಿಸಲು ಕೈಯನ್ನು ಕುತ್ತಿಗೆಯವರೆಗೆ ಎತ್ತಿ ತಲೆಯಾಡಿಸಿದರು.

"ಓಹೋ! ಕುತ್ತಿಗೆವರೆಗೂ ಬಂತಾ ನನ್ನ ಸಹವಾಸ?" ಎಂದರು ಓಕ್‌ಬುನ್. "ಆಯ್ತು. ನೀವು ಮಾತಾಡಲ್ವಾ, ನಾನೂ ಮಾತಾಡಲ್ಲ. ಯಾರು ಮೊದಲು ಬಾಯಿ ಬಿಡ್ತಾರೋ ನೋಡೇಬಿಡೋಣ."

ಹೀಗೆಂದು ನೇರ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತು ಅತ್ತರು. "ಇಸ್ತ್ರಿ ಅಣ್ಣ, ನೀವೇ ಹೇಳಿ. ಇಷ್ಟು ವರ್ಷ ಮಾತು ನಿಲ್ಸಿ ಅಂದ್ರೂ ನಿಲ್ಸದವ್ರು, ಈಗ ಯಾಕೆ ನಿಲ್ಸಿದ್ರು?"

ನಾನು ತಲೆ ಹಾಕುವವನಲ್ಲ. ಏನೂ ಹೇಳಲಿಲ್ಲ. ಆಕೆ ಹೋದ ಮೇಲೆ ಪಕ್ಕದಲ್ಲಿ ಮೀನಿನ ವಡೆ ಮಾರುವ ಅಜ್ಜಿಗೆ ಮಾತ್ರ ಹೇಳಿದೆ, ಅದೂ ಅಜ್ಜಿ ಕೇಳಿದ್ದಕ್ಕೆ. ವಡೆ ಅಜ್ಜಿಗೆ ಹೇಳುವುದೂ ಒಂದೇ, ಬಾನುಲಿಯಲ್ಲಿ ಹೇಳುವುದೂ ಒಂದೇ.

"ಮಾತು ನಿಲ್ಸಿದ್ದಾನಾ? ಹಂಗಾದ್ರೆ ಬೇರೆ ಹೆಂಗಸು ಇದ್ದಾಳೆ" ಎಂದರು ಅಜ್ಜಿ, ಬಾಣಲೆಯಲ್ಲಿ ವಡೆ ಮಗುಚುತ್ತ.

"ಛೇ ಛೇ, ಗಾಣದಣ್ಣ ಅಂಥವ್ರಲ್ಲ ಅಜ್ಜಿ" ಎಂದೆ.

"ಬೆಳಿಗ್ಗೆ ಬೆಳಿಗ್ಗೆ ಗುಂಯ್ ಗುಂಯ್ ಅಂತ ರಾಗ ಹಾಡೋದು ನೀನು ಕೇಳಿಲ್ವಾ? ಕನ್ನಡಿ ಮುಂದೆ ತುಟಿ ಮುಂದಕ್ಕೆ ಮಾಡೋದನ್ನ ನಾನೇ ಕಣ್ಣಾರೆ ಕಂಡೆ. ಈ ವಯಸ್ಸಲ್ಲಿ!"

ಅಷ್ಟರಲ್ಲಿ ವಡೆ ತಿನ್ನಲು ಬಂದಿದ್ದ ಸ್ನಾನದ ಮನೆಯವನು ಬಾಯಿ ಹಾಕಿದ. "ದಿನಾ ಟವೆಲ್ ಹಾಕ್ಕೊಂಡು ಹೋಗ್ತಾರಲ್ಲ, ಎಲ್ಲಿಗೆ? ನಮ್ಮಲ್ಲಿಗೆ ಬಂದು ಒಂದು ತಿಂಗಳಾಯ್ತು."

ವಡೆ ಅಜ್ಜಿಯ ಕೈಲಿದ್ದ ಸೌಟು ಗಾಳಿಯಲ್ಲೇ ನಿಂತಿತು. ಸಂಜೆಯ ಹೊತ್ತಿಗೆ ಇಡೀ ಸಂತೆಗೆ ವಿಷಯ ಗೊತ್ತಿತ್ತು, ಆ ಹೆಂಗಸಿನ ವಯಸ್ಸು, ಊರು ಸಮೇತ. ಸಂಘದ ಅಧ್ಯಕ್ಷರು ಸಮಾಧಾನ ಮಾಡಲೆಂದು ಸೋಜು ಬಾಟಲಿ ಹಿಡಿದುಕೊಂಡು ಗಾಣಕ್ಕೆ ಹೋದರು. ದೊಕ್‌ಪಾಲ್ ಬಾಟಲಿಯನ್ನು ಎರಡೂ ಕೈಯಿಂದ ಹಿಂದಕ್ಕೆ ತಳ್ಳಿ, ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿಕೊಂಡು ಕುಡಿದರು. ಅಧ್ಯಕ್ಷರು ಬಿಳುಚಿಕೊಂಡು ಹೊರಗೆ ಬಂದರು.

"ಸೋಜು ಬೇಡ ಅಂದ್ರು. ಪುಕ್ಕಟೆ ಸೋಜು! ಇದು ಕೈ ಮೀರಿದೆ ಕಣ್ರಯ್ಯ" ಎಂದರು.

ಓಕ್‌ಬುನ್ ಬಟ್ಟೆ ಗಂಟು ಕಟ್ಟಿಕೊಂಡು ತಂಗಿಯ ಮನೆಗೆ ಹೋದರು. ಗಾಣದ ಮೋಟಾರೂ ನಿಂತಿತು. ಬೀದಿ ಎಷ್ಟು ನಿಶ್ಶಬ್ದವಾಯಿತೆಂದರೆ ಗಿರಾಕಿಗಳು ದಾರಿ ತಪ್ಪಿತೆಂದು ವಾಪಸು ಹೋಗತೊಡಗಿದರು. ಅಲ್ಲಿಯವರೆಗೆ ಆ ಗದ್ದಲವನ್ನು ಬೈದುಕೊಂಡೇ ಇದ್ದವನು ನಾನು. ಈಗ ನೋಡಿದರೆ ಕೈಯೇ ಓಡುತ್ತಿಲ್ಲ. ನಿಜ ಹೇಳಬೇಕೆಂದರೆ ನನಗೆ ತುಂಬಾ ಬೇಜಾರಾಯಿತು.

ಮದುವೆಯ ಹಿಂದಿನ ದಿನ ದೊಡ್ಡಮ್ಮ ಬಂದೇ ಬಂದರು. ಹಿಂದೆ ಜೆಗಿಲ್, ಮುಖ ಸಣ್ಣಗೆ ಮಾಡಿಕೊಂಡು.

"ನಿಮ್ಮ ಮನೆಯವ್ರು ಎಲ್ಲಿ?" ಎಂದರು ದೊಡ್ಡಮ್ಮ.

ದೊಕ್‌ಪಾಲ್ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದರು.

"ನಮಸ್ಕಾರ ಆಮೇಲೆ ಮಾಡಿ. ಮನೆ ಬಿಟ್ಟು ಹೋಗಿದ್ದಾರಂತೆ, ನಿಜಾನಾ?"

ಇನ್ನೊಂದು ನಮಸ್ಕಾರ.

"ಯಜಮಾನ್ರೇ, ಒಂದು ಮಾತು ಹೇಳ್ಬಿಡಿ" ಎಂದ ಜೆಗಿಲ್. ಅವನ ದನಿ ಅಳುವಂತಿತ್ತು. "ಎಲ್ಲ ಸರಿ ಇದೆ ಅಂತ ಅನ್ನಿ, ಸಾಕು."

ದೊಕ್‌ಪಾಲ್ ಬಾಯಿ ತೆರೆದರು. ಜೆಗಿಲ್‌ನ ಮುಖ ನೋಡಿದರು, ಗಂಟಲು ಮುಟ್ಟಿಕೊಂಡರು, ಬಾಯಿ ಮುಚ್ಚಿದರು. ಈಗ ಒಂದು ಮಾತಾಡಿದರೆ ನಾಳೆ ಇದೇ ಹುಡುಗನ ಮದುವೆಯಲ್ಲಿ ಬಾತುಕೋಳಿ ಕೂಗುತ್ತದೆ. ಆ ಕಣ್ಣಲ್ಲಿ ತುಂಬಿದ್ದ ನೀರನ್ನು ನಾವೆಲ್ಲ ತಪ್ಪೊಪ್ಪಿಗೆ ಎಂದೇ ತಿಳಿದೆವು.

"ಹೆಡ್‌ಮಾಸ್ಟರಿಗೆ ಹೇಳಿ ಕಳಿಸ್ತೀನಿ" ಎಂದರು ದೊಡ್ಡಮ್ಮ.

"ಯಜಮಾನ್ರು ನಿಲ್ಲದಿದ್ರೆ ನಾನೂ ನಿಲ್ಲಲ್ಲ" ಎಂದ ಜೆಗಿಲ್.

"ನಿಲ್ಬೇಡಪ್ಪ. ನಮ್ಮ ಹುಡುಗಿಗೆ ಗಂಡು ಸಿಗಲ್ವಾ?"

ಇಷ್ಟು ಹೇಳಿ ಆಕೆ ಹೊರಟೇಬಿಟ್ಟರು. ಜೆಗಿಲ್ ಎಳ್ಳಿನ ಮೂಟೆಯ ಮೇಲೆ ಕುಸಿದು ಕೂತ.

ಭಾನುವಾರ ಮಧ್ಯಾಹ್ನ ಮದುವೆ ಹಾಲಿಗೆ ಎರಡೂ ಕಡೆಯವರು ಬಂದರು. ಮದುವೆ ಇದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಕೆಳಗಿನ ಊಟದ ಹಾಲಿನಿಂದ ಪಕ್ಕೆಲುಬಿನ ಸಾರಿನ ಘಮ ಮಾತ್ರ ಮೇಲಕ್ಕೆ ಬರುತ್ತಿತ್ತು. ಬಾಗಿಲಲ್ಲಿ ಇಬ್ಬರು ಮದುವೆ ಹಿರಿಯರು, ಇಬ್ಬರಿಗೂ ಬಿಳಿ ಕೈಗವಸು. ಹೆಡ್‌ಮಾಸ್ಟರ ಕಂಕುಳಲ್ಲಿ ಇಟ್ಟಿಗೆ ದಪ್ಪದ ಭಾಷಣ. ದೊಕ್‌ಪಾಲ್ ಸೊಂಟದಲ್ಲಿ ಫ್ಲಾಸ್ಕು.

ಮದುಮಗಳು ಬೋಕ್‌ಸಿಲ್ ಗೌನು ಎತ್ತಿ ಹಿಡಿದುಕೊಂಡು ಹೊರಗೆ ಬಂದಳು. "ದೊಡ್ಡಮ್ಮ, ನಾನು ಮದುವೆ ಆಗ್ತಿರೋದು ಜೆಗಿಲ್‌ನ. ಅವ್ರು ಯಾರನ್ನ ಅಪ್ಪ ಅಂದ್ಕೊಂಡಿದ್ದಾರೋ ಅವ್ರೇ ನಿಲ್ಲಲಿ."

ದೊಡ್ಡಮ್ಮ ಹಲ್ಲು ಕಚ್ಚಿದರು. "ಸರಿ. ಓಕ್‌ಬುನ್ ಅವ್ರು ಇಲ್ಲೇ ಇದ್ದಾರಲ್ಲ. ಗಂಡನ ಜೊತೆ ಜಗಳ ಇಲ್ಲ ಅಂತ ಎಲ್ರ ಮುಂದೆ ಹೇಳ್ಲಿ, ನಾನು ಒಪ್ತೀನಿ."

ಎಲ್ಲರ ಕತ್ತೂ ಮೂರನೇ ಸಾಲಿನ ಕಡೆ ತಿರುಗಿತು. ಆಕಾಶನೀಲಿ ಹನ್‌ಬೋಕ್ ಉಟ್ಟುಕೊಂಡು ಓಕ್‌ಬುನ್ ನೆಟ್ಟಗೆ ಕೂತಿದ್ದರು.

"ಜಗಳ ಇದ್ಯೋ ಇಲ್ವೋ ನಂಗೇನು ಗೊತ್ತು?" ಎಂದರು. "ಅವ್ರನ್ನೇ ಕೇಳಿ. ಬಾಯಿ ಬಿಟ್ಟು ಹೇಳ್ಲಿ."

ದೊಕ್‌ಪಾಲ್ ವೇದಿಕೆ ಹತ್ತಿದರು. ಬಾಯಿ ಬಿಡಬಹುದೆಂದು ಮೇಷ್ಟ್ರು ಹೇಳಿದ್ದ ಜಾಗ ಅದೇ ತಾನೇ. ಫ್ಲಾಸ್ಕಿನ ಮುಚ್ಚಳ ಬಿಚ್ಚಿ ಬಿಸಿನೀರು ಬಗ್ಗಿಸಿ ನಿಧಾನವಾಗಿ ಕುಡಿದರು. ಆ ಗುಟುಕಿನ ಸದ್ದು ಮೈಕಿನಲ್ಲಿ ಇಡೀ ಹಾಲಿಗೆ ಕೇಳಿಸಿತು. ಹೊಟ್ಟೆ ತುಂಬ ಉಸಿರೆಳೆದುಕೊಂಡರು, ಕೋಟಿನ ಗುಂಡಿ ಕಿತ್ತು ಮುಂದಿನ ಸಾಲಿಗೆ ಹಾರಿತು. ಆಮೇಲೆ ತಲೆ ಎತ್ತಿ ಜನರನ್ನು ನೋಡಿದರು.

ನೋಡಬಾರದಿತ್ತು. ಮುಖ ಎಳ್ಳಿನ ಹಿಂಡಿಯಾಯಿತು. "ಎಳ್ಳು" ಎನ್ನಲು ತುಟಿ ಅಲುಗಿದ್ದನ್ನು ನಾನು ಖಂಡಿತ ಕಂಡೆ. ಅಯ್ಯೋ, ಮುಗೀತು ಎಂದುಕೊಂಡು ಕಣ್ಣು ಮುಚ್ಚುವಷ್ಟರಲ್ಲಿ ಹಿಂದಿನ ಗೋಡೆಯ ಹತ್ತಿರ ಯಾರೋ ಎದ್ದು ನಿಂತರು. ಪ್ಯೋ ಮೇಷ್ಟ್ರು. ಒಂದು ಬೆರಳು ಎತ್ತಿ ತೋರಿಸಿದರು, ಒಂದೇ ಒಂದು.

ದೊಕ್‌ಪಾಲ್ ಕಣ್ಣು ಸಾಲು ಸಾಲು ಹುಡುಕಿಕೊಂಡು ಬಂದು ಮೂರನೇ ಸಾಲಿನಲ್ಲಿ ನಿಂತಿತು.

"ಓಕ್‌ಬುನ್" ಎಂದರು. ಬಾತುಕೋಳಿ ಇರಲಿಲ್ಲ. ದನಿ ಹೊಸದಾಗಿ ಹಿಂಡಿದ ಎಣ್ಣೆಯ ಹಾಗೆ ತಿಳಿಯಾಗಿತ್ತು. "ಸಾರಿಗೆ ಉಪ್ಪು ಸರಿಯಾಗಿತ್ತು ಕಣೇ."

ಅವರು ಅಷ್ಟಕ್ಕೇ ನಿಲ್ಲಿಸಲಿಲ್ಲ.

"ಕೊಳಾಯಿ ನಾಳೆ ಸರಿ ಮಾಡ್ತೀನಿ. ಈ ಬಟ್ಟೆ ನಿಂಗೆ ಒಪ್ಪುತ್ತಾ ಅಂತ ಕೇಳಿದ್ಯಲ್ಲ, ಒಪ್ಪುತ್ತೆ. ಎಷ್ಟು ಒಪ್ಪುತ್ತೆ ಅಂದ್ರೆ ಅವತ್ತು ನನ್ನ ಗಂಟಲು ಸರಿ ಇದ್ದಿದ್ರೂ ಮಾತು ಹೊರಡ್ತಿರ್ಲಿಲ್ಲ. ನಾನು ಸ್ನಾನದ ಮನೆಗೆ ಹೋಗಿಲ್ಲ. ಅಗೋ, ಅಲ್ಲಿ ನಿಂತಿದ್ದಾರಲ್ಲ ಪ್ಯೋ ಮೇಷ್ಟ್ರು, ಅವ್ರ ಹತ್ರ ಭಾಷಣ ಕಲಿಯೋಕೆ ಹೋಗಿದ್ದೆ. ಮೂರನೇ ಕ್ಲಾಸಿನ ಮಕ್ಕಳ ಜೊತೆ ಕೂತ್ಕೊಂಡು ಕಲಿತೆ. ಗಂಟಲು ಕಟ್ತು. ಮಾತಾಡಕೂಡ್ದು ಅಂದ್ರು. ನಿಂಗೆ ಹೇಳೋಕೆ ನಾಚಿಕೆ ಆಯ್ತು. ಈ ಹುಡುಗನಿಗೆ ಅಪ್ಪ ಇಲ್ಲ, ಇವನ ಮದುವೇಲಿ ನಾನು ಎಳ್ಳು ಅಂತ ಕೂತ್ಬಿಟ್ರೆ ಏನು ಗತಿ ಅಂತ ಹೆದರ್ಕೊಂಡೆ. ಅಷ್ಟೇ ಕಣೇ. ಮನೆಗೆ ಬಾ."

ಓಕ್‌ಬುನ್ ಹನ್‌ಬೋಕಿನ ತೋಳಲ್ಲಿ ಮುಖ ಮುಚ್ಚಿಕೊಂಡರು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆಂದುಕೊಂಡೆವು. ತೋಳು ಸರಿದಾಗ ನೋಡಿದರೆ ನಗುತ್ತಿದ್ದರು, ಅಳುತ್ತಲೂ ಇದ್ದರು.

"ಮೀನಿಗೆ ಈಜು ಬಂತಾ?" ಎಂದು ಅಲ್ಲಿಂದಲೇ ಕೂಗಿದರು.

"ಮುಳುಗಿಲ್ಲ!" ಎಂದರು ದೊಕ್‌ಪಾಲ್.

ಇಡೀ ಸಭೆ ನಗೆಯಲ್ಲಿ ಮುಳುಗಿತು. ವಡೆ ಅಜ್ಜಿ "ನಾನು ಆವತ್ತೇ ಹೇಳ್ಲಿಲ್ವಾ, ಅವನು ಅಂಥವನಲ್ಲ ಅಂತ" ಎಂದು ನನ್ನ ಪಕ್ಕೆಗೆ ತಿವಿದರು. ದೊಡ್ಡಮ್ಮ ಹೆಡ್‌ಮಾಸ್ಟರ ಮುಖ ನೋಡಿದರು. ಹೆಡ್‌ಮಾಸ್ಟರು ಕೈಗವಸು ಕಳಚಿ ಜೇಬಿಗೆ ತುರುಕಿಕೊಂಡು, "ಇದರ ಮೇಲೆ ನಾನು ಹೇಳೋದೇನಿದೆ ತಾಯಿ? ಸಾರು ಆರಿಹೋಗೋದ್ರೊಳಗೆ ಕೆಳಗೆ ಹೋಗ್ತೀನಿ" ಎಂದು ಹೊರಟೇಹೋದರು. ದೊಡ್ಡಮ್ಮ ಕೈಚೀಲದಿಂದ ಸೂಜಿ ದಾರ ತೆಗೆದು, ವೇದಿಕೆ ಹತ್ತಿ, ಯಾರ ಕಡೆಗೂ ನೋಡದೆ ದೊಕ್‌ಪಾಲ್ ಕೋಟಿಗೆ ಗುಂಡಿ ಹೊಲಿದುಕೊಟ್ಟರು. ಆಕೆ ಒಪ್ಪಿದ್ದು ಹಾಗೆ.

ಆಮೇಲೆ ಜೆಗಿಲ್ ಮತ್ತು ಬೋಕ್‌ಸಿಲ್ ಮುಂದೆ ಬಂದು ನಿಂತರು. ಮಾತು ತೆಗೆದುಕೊಂಡದ್ದಾಯಿತು. ಭಾಷಣದ ಸರದಿ ಬಂತು.

"ನಾನು ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯ್ತು ಮಕ್ಕಳೇ" ಎಂದರು ದೊಕ್‌ಪಾಲ್. "ಒಂದೇ ಹೇಳ್ತೀನಿ. ಉಪ್ಪು ಜಾಸ್ತಿ ಆಯ್ತಾ ಅಂತ ಒಬ್ರು ಕೇಳಿದ್ರೆ ಇನ್ನೊಬ್ರು ಉತ್ತರ ಕೊಡಿ. ಗಂಟಲು ಹೋದ್ರೆ ಹೋಗ್ಲಿ, ಮರ್ಯಾದೆ ಹೋದ್ರೂ ಹೋಗ್ಲಿ, ಉತ್ತರ ಕೊಡಿ. ಚೆನ್ನಾಗಿ ಬಾಳಿ, ದಿನಾ ಜಗಳ ಆಡಿದ್ರೂ ಪರವಾಗಿಲ್ಲ, ಮಾತಾಡ್ಕೊಂಡು ಆಡಿ..."

ಇಲ್ಲಿಗೆ ನಿಲ್ಲಿಸಿದ್ದರೆ ಎಲ್ಲ ಚೆನ್ನಾಗಿತ್ತು. ಆದರೆ ಮಕ್ಕಳ ಜೊತೆ ಕಲಿತ ವಿದ್ಯೆ ಎಲ್ಲಿ ಹೋಗುತ್ತದೆ? ಎರಡೂ ಮುಷ್ಟಿ ತಾನಾಗಿಯೇ ಮೇಲೆದ್ದವು.

"ಎಂದು ಈ ಭಾಷಣಕಾರ ಗಟ್ಟಿಯಾಗಿ ಸಾರುತ್ತಿದ್ದಾನೆ!"

ಚಾವಣಿಯ ದೀಪದ ಗೊಂಚಲು ಅಲುಗಿತು. ಹೆಣ್ಣಿನ ಕಡೆಯ ಮಕ್ಕಳೆಲ್ಲ ತಾವೂ ಮುಷ್ಟಿ ಎತ್ತಿ ಕೂಗಿದವು. ಮುಂದಿನ ಮದುವೆಗೆಂದು ಹೊರಗೆ ಕಾಯುತ್ತಿದ್ದವರು ಬಾಗಿಲು ತೆರೆದು ಒಳಗೆ ಇಣುಕಿ, ಇದೇನು ಚುನಾವಣೆಯೋ ಎಂದು ಕೇಳಿದರು. ಆ ಕೂಗಿನ ಕೊನೆಯ ಅಕ್ಷರದಲ್ಲಿ ದೊಕ್‌ಪಾಲ್ ಗಂಟಲು ಪೂರ್ತಿಯಾಗಿ ಕೈ ಕೊಟ್ಟಿತು. ಬಾತುಕೋಳಿಯೂ ಉಳಿಯಲಿಲ್ಲ.

ಕೆಳಗೆ ಊಟಕ್ಕೆ ಕೂತೆವು. ಜೆಗಿಲ್ ತಾನೇ ಸಾರಿನ ಬಟ್ಟಲು ತಂದು ಎರಡೂ ಕೈಯಿಂದ ಯಜಮಾನರ ಮುಂದೆ ಇಟ್ಟ. ದೊಕ್‌ಪಾಲ್ ಒಂದು ಚಮಚ ಬಾಯಿಗಿಟ್ಟರು. ಪಕ್ಕದಲ್ಲಿ ಕೂತಿದ್ದ ಓಕ್‌ಬುನ್, "ಉಪ್ಪು ಸರಿ ಇದ್ಯಾ?" ಎಂದರು.

ಅವರು ಬಾಯಿ ತೆರೆದರು. ಗಾಳಿ ಮಾತ್ರ ಬಂತು. ಕೈಯನ್ನು ಮೆಲ್ಲಗೆ ಕುತ್ತಿಗೆಯವರೆಗೆ ಎತ್ತಿದರು.

ನಮ್ಮ ಮೇಜಿನವರೆಲ್ಲ ಚಮಚ ಕೆಳಗಿಟ್ಟೆವು. ಓಕ್‌ಬುನ್ ಆ ಕೈಯನ್ನು ಹಿಡಿದು ಕೆಳಗಿಳಿಸಿ, ತಮ್ಮ ಮಡಿಲಲ್ಲೇ ಇಟ್ಟುಕೊಂಡು ನಮಗೆ ಹೇಳಿದರು.

"ಸರಿಯಾಗಿದೆ ಅಂತಿದ್ದಾರೆ."